ದೈತ್ಯ ಕುಂಬಳದ ಸಸಿಗಳು ಸೊರಗುವುದೇಕೆ?

ಪ್ರಶ್ನೆ: ಅಟ್ಲಾಂಟಿಕ್ ಜಯಂಟ್ ತಳಿಯ ಕುಂಬಳದ ಬೀಜಗಳು ಕುಂಡದಲ್ಲಿ ಚೆನ್ನಾಗಿ ಮೊಳೆತವು. ಆದರೆ ಬೀಜದಳಗಳು ಬಿಚ್ಚಿಕೊಂಡ ಮೇಲೆ ಬೆಳವಣಿಗೆ ನಿಂತು, ಎಲೆ ಹಳದಿಯಾಗುತ್ತಿದೆ. ದಿನವೂ ನೀರು ಹಾಕುತ್ತೇನೆ, ಗೊಬ್ಬರವನ್ನೂ ಕೊಟ್ಟಿದ್ದೇನೆ. ಕೊರತೆ ಎಲ್ಲಿದೆ?

ಉತ್ತರ: ನಿಮ್ಮ ವಿವರಣೆಯನ್ನು ನೋಡಿದರೆ ಕೊರತೆಗಿಂತ ಅತಿಯಾದ ಆರೈಕೆಯೇ ಕಾರಣವೆಂದು ತೋರುತ್ತದೆ. ಬೀಜದಳಗಳಲ್ಲಿರುವ ಆಹಾರವೇ ಮೊದಲ ಕೆಲವು ದಿನಗಳಿಗೆ ಸಾಕಾಗುವುದರಿಂದ, ಆಗ ಕೊಟ್ಟ ರಾಸಾಯನಿಕ ಗೊಬ್ಬರದ ಲವಣಾಂಶವು ಎಳೆಯ ಬೇರಿನ ತುದಿಯನ್ನು ಸುಡುವ ಸಂಭವವೇ ಹೆಚ್ಚು. ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ ಬೇರಿಗೆ ಗಾಳಿ ದೊರೆಯುವುದಿಲ್ಲ. ಪೀಥಿಯಂನಂತಹ ಕೊಳೆರೋಗದ ಜೀವಿಗಳಿಗೂ ಅಂಥ ಜಾಗವೇ ಬೇಕು. ಒಂದು ಸಸಿಯನ್ನು ಮಣ್ಣುಸಮೇತ ಮೆಲ್ಲನೆ ಹೊರತೆಗೆದು ನೋಡಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ನೀರು ಕಡಿಮೆ ಮಾಡಿದೊಡನೆ ಚೇತರಿಸಿಕೊಂಡೀತು. ಕಂದಾಗಿ, ಎಳೆದಾಗ ಸಿಪ್ಪೆ ಜಾರಿ ಒಳಗಿನ ನಾರಷ್ಟೇ ಉಳಿದರೆ ಹೊಸ ಬೀಜ ಊರುವುದೇ ಲೇಸು.

ಮಣ್ಣಿನ ಬಿಸಿಯನ್ನೂ ಅಳೆಯಿರಿ. ಮೊಳೆಯಲು 27ರಿಂದ 32 ಡಿಗ್ರಿ ಸೆಲ್ಸಿಯಸ್ ಹಿತಕರ. ಮೊಳೆತ ಮೇಲೆ ಸ್ವಲ್ಪ ಇಳಿದರೆ ಅಡ್ಡಿಯಿಲ್ಲ, ಆದರೆ 15 ಡಿಗ್ರಿಗಿಂತ ತಣ್ಣಗಾದರೆ ಬೇರು ಕೆಲಸ ಮಾಡಲು ಹಿಂಜರಿಯುತ್ತದೆ. ಕಾಂಡ ಸಪೂರವಾಗಿ ಉದ್ದಕ್ಕೆ ಬಾಗಿದ್ದರೆ ಮಾತ್ರ ಬೆಳಕಿನ ಕೊರತೆಯನ್ನು ಶಂಕಿಸಬೇಕು.

ಈ ತಳಿಯ ಬೇರಿನ ಓಟ ಎಲೆಗಿಂತ ಮುಂದು. ಬೀಜದಳಗಳ ನಂತರ ಮೂಡುವ ಮೊದಲ ನಿಜವಾದ ಎಲೆ ಅರಳುವ ಹೊತ್ತಿಗೇ ಅದು ಚಿಕ್ಕ ಕುಂಡದ ಒಳಗೋಡೆಯನ್ನು ಸುತ್ತತೊಡಗುವುದರಿಂದ, ಬೇರು ಅಲುಗದಂತೆ ಆಗಲೇ ನೆಲಕ್ಕೆ ನಾಟಿ ಮಾಡಿರಿ.