ಏರ್‌ಪೋರ್ಟ್ ಹತ್ತಿರ ರೂಮು ಬೇಕಾ? ಮೊದಲು ನಿಮ್ಮ ಕೆಲಸ ಯಾವ ದಿಕ್ಕಿಗಿದೆ ಹೇಳಿ

ಪ್ರಶ್ನೆ: ನಮಸ್ಕಾರ ಸರ್. ನಾವು ಪುತ್ತೂರಿನವರು. ಮಗಳಿಗೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೀಟು ಸಿಕ್ಕಿದೆ. ಅಡ್ಮಿಷನ್ ಮುಗಿಸಿಕೊಂಡು, 74 ವರ್ಷದ ನಮ್ಮ ಅತ್ತೆಯವರನ್ನು ದತ್ತಾತ್ರೇಯ ಕ್ಷೇತ್ರ ಗಾಣಗಾಪುರಕ್ಕೆ ಕರೆದುಕೊಂಡು ಹೋಗಬೇಕು. ಕಲಬುರಗಿಯಲ್ಲಿ ನಮಗೆ ಪರಿಚಯದವರು ಯಾರೂ ಇಲ್ಲ. ಬೆಂಗಳೂರಿನಿಂದ ನೇರ ವಿಮಾನ ಸಿಕ್ಕರೆ ಅದರಲ್ಲಿ ಬರುತ್ತೇವೆ. ಇಲ್ಲದಿದ್ದರೆ ಹೈದರಾಬಾದ್‌ಗೆ ಹೋಗಿ ಅಲ್ಲಿಂದ ಕಾರೋ ರೈಲೋ. ಹೋಟೆಲ್ ಆ್ಯಪ್‌ನಲ್ಲಿ 'ವಿಮಾನ ನಿಲ್ದಾಣದ ಹತ್ತಿರ' ಅಂತ ಹುಡುಕಿದಾಗ ನಾಲ್ಕೈದು ಹೋಟೆಲ್ ಬಂದವು. ಗೊತ್ತಿಲ್ಲದ ಊರು, ಏರ್‌ಪೋರ್ಟ್ ಪಕ್ಕ ಇದ್ದರೆ ಕ್ಷೇಮ ಅಲ್ವಾ?

ಉತ್ತರ: ಅಲ್ಲ. ನಿಮ್ಮ ವಿಷಯದಲ್ಲಂತೂ ಖಂಡಿತ ಅಲ್ಲ.

ಬೆಂಗಳೂರಿನ ಲೆಕ್ಕವನ್ನು ಇಲ್ಲಿಗೆ ಹಾಕಬೇಡಿ. ದೇವನಹಳ್ಳಿಗೂ ಮೆಜೆಸ್ಟಿಕ್‌ಗೂ ನಡುವೆ ಮೂವತ್ತೈದು ಕಿ.ಮೀ. ಟ್ರಾಫಿಕ್ ಇದೆ. ನಸುಕಿನಲ್ಲಿ ವಿಮಾನ ಇದ್ದವರು ಹಿಂದಿನ ರಾತ್ರಿಯೇ ಆ ಕಡೆ ಹೋಗಿ ಮಲಗುತ್ತಾರೆ. ಅದಕ್ಕೇ ಅಲ್ಲಿ ಅಷ್ಟೊಂದು ಹೋಟೆಲ್ ಎದ್ದಿವೆ. ಕಲಬುರಗಿಯ ಕಥೆಯೇ ಬೇರೆ. ನಮ್ಮ ವಿಮಾನ ನಿಲ್ದಾಣ ಶುರುವಾಗಿದ್ದು 2019ರ ನವೆಂಬರ್ 22ಕ್ಕೆ. ಊರಿಂದ ಸುಮಾರು 14 ಕಿ.ಮೀ. ಆಚೆ, ಸೇಡಂ ರಸ್ತೆಯಲ್ಲಿ, ಶ್ರೀನಿವಾಸ ಸರಡಗಿ ಹತ್ತಿರ. ರನ್‌ವೇ ಮೂರು ಕಿ.ಮೀ.ಗಿಂತ ಉದ್ದ ಇದೆ, ದೊಡ್ಡ ವಿಮಾನವೂ ಇಳಿಯಬಹುದು. ಆದರೆ ಸುತ್ತ ಇರುವುದು ತೊಗರಿ ಹೊಲ. ಬಂದು ಹೋಗುವ ವಿಮಾನವೇ ಕಡಿಮೆ, ಇನ್ನು ರಾತ್ರಿ ಕಳೆಯುವ ಪ್ರಯಾಣಿಕ ಎಲ್ಲಿಂದ ಬರಬೇಕು? ಪ್ರಯಾಣಿಕ ಇಲ್ಲದ ಕಡೆ ಹೋಟೆಲ್ ಯಾರು ಕಟ್ಟುತ್ತಾರೆ?

ಹಾಗಾದರೆ ಆ್ಯಪ್ ತೋರಿಸಿದ ನಾಲ್ಕೈದು ಹೋಟೆಲ್ ಯಾವುವು ಅಂತೀರಾ? ಸಾಮಾನ್ಯವಾಗಿ ಅವು ಊರಿನ ಸೇಡಂ ರಸ್ತೆ ಬದಿಯವು. 'ಇಷ್ಟು ಕಿ.ಮೀ.' ಅಂತ ಆ್ಯಪ್ ಹೇಳುವುದು ಎಷ್ಟೋ ಸಲ ಹಕ್ಕಿ ಹಾರುವ ದಾರಿಯ ಲೆಕ್ಕ. ನೀವು ಹೋಟೆಲ್ ಹೆಸರನ್ನು ಮ್ಯಾಪ್‌ಗೆ ಹಾಕಿ, ಅಲ್ಲಿಂದ ಟರ್ಮಿನಲ್‌ಗೆ ಕಾರಿನ ದಾರಿ ಎಷ್ಟು ಅಂತ ನೋಡಿ.

ಒಂದು ಸಲ ನನಗೂ ಇದೇ ಬಲೆ ಬಿತ್ತು. ಇಪ್ಪತ್ತು ವರ್ಷ ಲಾಡ್ಜ್ ಕೌಂಟರಿನಲ್ಲಿ ಕೂತವನು ನಾನು. ಆದರೂ ಬೇರೆ ಜಿಲ್ಲೆಯ ಒಂದು ಸಣ್ಣ ಊರಿಗೆ ಹೋದಾಗ ಏರ್‌ಪೋರ್ಟ್ ಪಕ್ಕದ್ದು ಅಂತ ನಂಬಿ ರೂಮು ಹಿಡಿದೆ. ಕೆಳಗೆ ಟೈರ್ ಅಂಗಡಿ, ಮೇಲೆ ರೂಮು. ಅಡುಗೆಯವನು ಊರಿಗೆ ಹೋಗಿದ್ದ. ಮ್ಯಾನೇಜರ್ ಕೊಟ್ಟ ಬಿಸ್ಕತ್ತು ತಿಂದು ಮಲಗಿದೆ. ಹೊರಗೆ ಹೋಗಿ ಉಣ್ಣೋಣ ಅಂದರೆ ಆಟೋ ಇಲ್ಲ, ದಾರಿ ತುಂಬ ನಾಯಿ. ಆ ಹೋಟೆಲ್‌ನಿಂದ ವಿಮಾನ ನಿಲ್ದಾಣ ಹತ್ತಿರವೇ ಇತ್ತು, ಸುಳ್ಳಲ್ಲ. ಉಳಿದದ್ದೆಲ್ಲ ದೂರ ಇತ್ತು.

ಈಗ ನಿಮ್ಮ ದಾರಿ ನೋಡೋಣ. ಸೇಡಂ ರಸ್ತೆ ಊರಿನ ಪೂರ್ವಕ್ಕೆ. ಕಡಗಂಚಿ ಇರುವುದು ಆಳಂದ ರಸ್ತೆಯಲ್ಲಿ, ಊರಿನ ಇನ್ನೊಂದು ತುದಿಯಿಂದ ಆಚೆಗೆ ಸುಮಾರು 30 ಕಿ.ಮೀ. ಗಾಣಗಾಪುರ ಅಫಜಲಪುರ ತಾಲ್ಲೂಕಿನದು, ಅದೂ ಪಶ್ಚಿಮದ ಕಡೆಯೇ, ಸುಮಾರು 40 ಕಿ.ಮೀ. ಎರಡೂ ಕೆಲಸ ಒಂದು ಕಡೆ, ಹೋಟೆಲ್ ಇನ್ನೊಂದು ಕಡೆ. ದಿನಾ ಊರನ್ನು ಅಡ್ಡ ಸೀಳಿಕೊಂಡು ಹೋಗಿ ಬರಬೇಕು. ವಿಮಾನ ನಿಲ್ದಾಣ ನಿಮಗೆ ಬೇಕಾಗಿರುವುದು ಎರಡೇ ಸಲ, ಇಳಿಯುವಾಗ ಮತ್ತು ಹತ್ತುವಾಗ. ಊರ ನಡುವಿನಿಂದ ಅಲ್ಲಿಗೆ ಕಾರಿನಲ್ಲಿ ಅರ್ಧ ತಾಸಿನ ದಾರಿ. ಆ ಅರ್ಧ ತಾಸು ಉಳಿಸಲು ಇದ್ದಷ್ಟು ದಿನವೂ ಊರ ಹೊರಗಿರುವುದೇಕೆ?

ಸೇಡಂ ರಸ್ತೆಯ ಹೋಟೆಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಗುಲಬರ್ಗಾ ವಿಶ್ವವಿದ್ಯಾಲಯ, ಇ.ಎಸ್.ಐ.ಸಿ. ಆಸ್ಪತ್ರೆ, ಬುದ್ಧ ವಿಹಾರ ಇವೆಲ್ಲ ಆ ಕಡೆಯೇ. ಮುಂದೆ ಹೋದರೆ ರಾಷ್ಟ್ರಕೂಟರ ಮಳಖೇಡ, ಸೇಡಂ, ಸಿಮೆಂಟ್ ಫ್ಯಾಕ್ಟರಿಗಳು. ಫ್ಯಾಕ್ಟರಿ ಕೆಲಸಕ್ಕೆ ಬರುವ ಇಂಜಿನಿಯರ್‌ಗೆ ಅದೇ ಸರಿ. ನಿಮ್ಮಂಥವರು ಕೇಳಬೇಕಾಗಿರುವುದು ಏರ್‌ಪೋರ್ಟ್ ಎಷ್ಟು ದೂರ ಅಂತಲ್ಲ, ಬೆಳಿಗ್ಗೆ ಎದ್ದು ಯಾವ ಕಡೆ ಹೋಗಬೇಕು ಅಂತ. ನಮ್ಮ ಕಡೆ ಯಾರೇ ಸಿಕ್ಕರೂ 'ಎಲ್ಲಿ ಇಳದೀರ್ರಿ?' ಅಂತ ಮೊದಲು ಕೇಳುತ್ತಾರೆ. ಹೇಳಿದರೆ ಸಾಕು, ಯಾವ ಬಸ್ಸು, ಯಾವ ನಾಕಾ ಅಂತ ಅವರೇ ಶುರು ಮಾಡುತ್ತಾರೆ.

ಇನ್ನೊಂದು ಮುಖ್ಯ ಮಾತು. ಸಣ್ಣ ಊರಿನ ವಿಮಾನವನ್ನು ಕಣ್ಣು ಮುಚ್ಚಿ ನಂಬಬಾರದು. ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆಯಲ್ಲಿ ಸರ್ಕಾರ ವಿಮಾನ ಕಂಪನಿಗೆ ನಷ್ಟ ತುಂಬಿಕೊಡುವುದು ಸಾಮಾನ್ಯವಾಗಿ ಮೂರು ವರ್ಷ. ಅದು ಮುಗಿದ ಮೇಲೆ ಕಂಪನಿ ತನ್ನ ಲೆಕ್ಕ ನೋಡುತ್ತದೆ. ವಾರದ ದಿನಗಳು ಬದಲಾಗುತ್ತವೆ, ಸೇವೆಯೇ ನಿಲ್ಲುತ್ತದೆ, ಮತ್ತೆ ಯಾರೋ ಬರುತ್ತಾರೆ. ಪಕ್ಕದ ಬೀದರ್‌ನಲ್ಲೂ 2020ರಲ್ಲಿ ಶುರುವಾದ ಬೆಂಗಳೂರು ವಿಮಾನ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತು, 2025ರಲ್ಲಿ ಪುನಃ ಬಂತು. ಹಾಗಾಗಿ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ನಿಮ್ಮ ತಾರೀಖಿಗೆ ಟಿಕೆಟ್ ಕಂಡ ಮೇಲೆಯೇ ಮುಂದಿನ ಮಾತು. ಹೋಟೆಲ್ ಹಿಡಿಯುವಾಗಲೂ 'ವಿಮಾನ ಕೈಕೊಟ್ಟರೆ ಏನು?' ಅಂತ ಯೋಚಿಸಿ. ಆಗ ಕೈಹಿಡಿಯುವುದು ರೈಲು. ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್ ಎರಡೂ ಇಲ್ಲೇ ಹಾದುಹೋಗುತ್ತವೆ. 2024ರ ಮಾರ್ಚ್‌ನಿಂದ ವಂದೇ ಭಾರತ್ ಇದೆ. ಅದು ಬೆಂಗಳೂರಿನಿಂದ ಮಧ್ಯಾಹ್ನ ಹೊರಟು ಇಲ್ಲಿ ಮುಟ್ಟುವುದು ರಾತ್ರಿ ತಡವಾಗಿ, ಇಲ್ಲಿಂದ ವಾಪಸು ಹೊರಡುವುದು ಬೆಳಿಗ್ಗೆ ಬೇಗ. ನನ್ನ ಕೇಳಿದರೆ ಕಲಬುರಗಿಯ ನಿಜವಾದ 'ಏರ್‌ಪೋರ್ಟ್ ಹೋಟೆಲ್' ಅಂದರೆ ರೈಲ್ವೆ ಸ್ಟೇಶನ್ ಹತ್ತಿರದ್ದೇ. ನೀವು ಸ್ಟೇಶನ್‌ಗೂ ಕೇಂದ್ರ ಬಸ್ ನಿಲ್ದಾಣಕ್ಕೂ ನಡುವೆ ಎಲ್ಲಾದರೂ ನೋಡಿ. ಆಳಂದದ ಬಸ್ಸು ಹತ್ತಿದರೆ ಕಡಗಂಚಿ ದಾರಿಯಲ್ಲೇ ಸಿಗುತ್ತದೆ. ಖಾನಾವಳಿಗಳೂ ಈ ಭಾಗದಲ್ಲೇ ಜಾಸ್ತಿ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇರುವ ಊಟ ಮಾಡಿ. ಮಗಳು ಇನ್ನೆರಡು ವರ್ಷ ಅದನ್ನೇ ಉಣ್ಣಬೇಕಲ್ಲ, ಈಗಲೇ ಪರಿಚಯ ಆಗಲಿ.

ಹೋಟೆಲ್ ಗೊತ್ತು ಮಾಡುವ ಮೊದಲು ಒಂದು ಫೋನ್ ಮಾಡಿ. ಆ್ಯಪ್‌ನ ಫೋಟೋ ಸಾಲದು. ನಾನು ಮೊದಲು ಕೇಳುವ ಪ್ರಶ್ನೆ ಒಂದೇ: 'ರಾತ್ರಿ ಹನ್ನೊಂದಕ್ಕೆ ಬಂದರೆ ಉಣ್ಣಾಕ ಏನರ ಸಿಗ್ತದೇನ್ರಿ?' ಫೋನ್ ಎತ್ತಿದವರು ಕೊಡುವ ಉತ್ತರದಲ್ಲೇ ಹೋಟೆಲ್ ಎಂಥದ್ದು ಅಂತ ಗೊತ್ತಾಗುತ್ತದೆ. ಆಮೇಲೆ ಲಿಫ್ಟ್ ಕೇಳಿ, ಕರೆಂಟ್ ಹೋದರೆ ಅದು ಜನರೇಟರ್ ಮೇಲೆ ಓಡುತ್ತದಾ ಅಂತ ಕೇಳಿ. ಅತ್ತೆಯವರು ಇದ್ದಾರಲ್ಲ, ಕೆಳಗಿನ ಮಹಡಿ, ಕುರ್ಚಿ ಥರದ ಕಮೋಡ್ ಇರುವ ರೂಮು ಕೇಳಿ. ಬೇಸಿಗೆಯಲ್ಲಿ ಬರುವವರಿಗೆ ಬೇರೆ ಮಾತು: ಇಲ್ಲಿ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲಿ, ಮೇಲಿನ ಮಹಡಿಯ ರೂಮಿನಲ್ಲಿ ಎ.ಸಿ. ಇದ್ದರೂ ಗೋಡೆ ಕಾದಿರುತ್ತದೆ.

ಚೆಕ್‌ಔಟ್ ಪದ್ಧತಿಯನ್ನು ಮಾತ್ರ ಬಿಡದೆ ಕೇಳಿ. ಹೊಸ ಹೋಟೆಲ್‌ಗಳದು ಮಧ್ಯಾಹ್ನ ಹನ್ನೆರಡರ ಲೆಕ್ಕ. ಹಳೇ ಲಾಡ್ಜ್‌ಗಳಲ್ಲಿ ಇಪ್ಪತ್ನಾಲ್ಕು ತಾಸಿನ ಲೆಕ್ಕ ಇನ್ನೂ ಇದೆ. ರಾತ್ರಿ ಹನ್ನೆರಡಕ್ಕೆ ರೈಲಿಳಿದು ರೂಮಿಗೆ ಬಂದರೆ, ಮೊದಲ ಲೆಕ್ಕದಲ್ಲಿ ಹನ್ನೆರಡೇ ತಾಸಿಗೆ ಒಂದು ದಿನದ ಬಾಡಿಗೆ ಹೋಗುತ್ತದೆ. ಎರಡನೆಯದರಲ್ಲಿ ಮರುದಿನ ರಾತ್ರಿಯವರೆಗೂ ರೂಮು ನಿಮ್ಮದೇ. ಬಾಡಿಗೆಗೆ ತೆರಿಗೆ ಸೇರಿದೆಯಾ ಅಂತಲೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿ.ಎಸ್.ಟಿ. ಶೇ 5 ಅಷ್ಟೇ. ಯಾರಾದರೂ ಹಳೇ ಶೇ 12 ಹಾಕಿದರೆ ಸುಮ್ನೆ ಇರಬೇಡಿ.

ಗಾಣಗಾಪುರಕ್ಕೆ ತಾರೀಖು ಗುರುತು ಮಾಡುವಾಗ ಪಂಚಾಂಗ ನೋಡಿ. ನಿಮ್ಮ ಅಡ್ಮಿಷನ್ ಸಮಯಕ್ಕೇ ಗುರುಪೂರ್ಣಿಮೆ ಬರುವ ಸಂಭವ ಇದೆ. ಹುಣ್ಣಿಮೆ, ಗುರುವಾರಗಳಲ್ಲಿ ಜನ ಜಾಸ್ತಿ, ಮಹಾರಾಷ್ಟ್ರದಿಂದಲೂ ಬರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ದತ್ತಾತ್ರೇಯರು ಅಲ್ಲಿ ಭಿಕ್ಷೆಗೆ ಬರುತ್ತಾರೆ ಅನ್ನುವ ನಂಬಿಕೆ. ಅತ್ತೆಯವರಿಗೆ ಆ ಹೊತ್ತಿಗೆ ಅಲ್ಲಿರುವ ಆಸೆ ಇದ್ದೇ ಇರುತ್ತದೆ. ಭೀಮಾ–ಅಮರ್ಜಾ ಸಂಗಮವನ್ನೂ ನೋಡುವುದಾದರೆ ಬೆಳಿಗ್ಗೆ ಎಂಟಕ್ಕೇ ಹೊರಡಿ. ಆ ದಿನಕ್ಕೆ ಕಾರನ್ನು ಹಿಂದಿನ ಸಂಜೆಯೇ ಹೋಟೆಲ್‌ನವರಿಗೆ ಹೇಳಿಡಿ, ವಾಪಸಿನ ದರವನ್ನೂ ಸೇರಿಸಿ ಮಾತಾಡಿ. ಏರ್‌ಪೋರ್ಟ್‌ಗೂ ಅಷ್ಟೇ. ಆ್ಯಪ್ ಟ್ಯಾಕ್ಸಿ ಬರುತ್ತದೆ ಅಂತ ನಂಬಿ ಕೂರಬೇಡಿ.

ಪ್ರಶ್ನೆ: ಅಮೆರಿಕದ ಪಾಸ್‌ಪೋರ್ಟ್ ಇರುವ ನನ್ನ ಭಾವ ಬೀದರ್‌ಗೆ ಬರುತ್ತಿದ್ದಾರೆ. ಅಲ್ಲಾದರೂ ಏರ್‌ಪೋರ್ಟ್ ಹತ್ತಿರ ರೂಮು ಮಾಡಬಹುದಾ?

ಉತ್ತರ: ಬೀದರ್‌ನಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿನ ರನ್‌ವೇ ವಾಯುಪಡೆಯದು, ಊರಿಗೆ ಅಂಟಿಕೊಂಡೇ ಇದೆ. ಊರಿನ ಯಾವ ಹೋಟೆಲ್ ಆದರೂ ಹತ್ತಿರವೇ. ವಿಮಾನ ನಿಲ್ದಾಣದಲ್ಲಿ ಫೋಟೋ ತೆಗೆಯುವ ಹಾಗಿಲ್ಲ, ಭಾವನವರಿಗೆ ಮೊದಲೇ ಹೇಳಿ. ನಿಮ್ಮ ತಲೆಬಿಸಿ ಬೇರೆ. ವಿದೇಶಿ ಪಾಸ್‌ಪೋರ್ಟಿನ ಅತಿಥಿ ಬಂದರೆ ಹೋಟೆಲ್‌ನವರು 24 ತಾಸಿನೊಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರಂ ತುಂಬಬೇಕು, ಹಿಂದೆ ಅದಕ್ಕೆ 'ಸಿ ಫಾರಂ' ಅನ್ನುತ್ತಿದ್ದರು. ಸಣ್ಣ ಲಾಡ್ಜ್‌ನವರಿಗೆ ಅದು ರಗಳೆ, ಕೌಂಟರಿನಲ್ಲೇ ರೂಮಿಲ್ಲ ಅಂದುಬಿಡುತ್ತಾರೆ. 'ವಿದೇಶಿ ಪಾಸ್‌ಪೋರ್ಟಿನವರ ಫಾರಂ ತುಂಬ್ತೀರಾ?' ಅಂತ ಫೋನಿನಲ್ಲೇ ಕೇಳಿ ಬುಕ್ ಮಾಡಿ.

ಪ್ರಶ್ನೆ: ಯಾದಗಿರಿಗೆ ಹೋಗಲು ಕಲಬುರಗಿ ಏರ್‌ಪೋರ್ಟ್ ಹತ್ತಿರ ಉಳಿಯಬೇಕಾ?

ಉತ್ತರ: ಬೇಡ. ಯಾದಗಿರಿಯಲ್ಲಿ ವಿಮಾನ ನಿಲ್ದಾಣ ಇಲ್ಲ, ಆದರೆ ಬೆಂಗಳೂರು ಕಡೆಯಿಂದ ಬರುವ ರೈಲಿಗೆ ಕಲಬುರಗಿಗಿಂತ ಮೊದಲು ಸಿಗುವ ಊರೇ ಅದು. ಅಲ್ಲೇ ಇಳಿದು ಅಲ್ಲೇ ರೂಮು ಮಾಡಿ.