ಸಂಪಾದಕರ ಉತ್ತರ: ಒಂದೇ ಮಾತಿಗೆ ಕುರ್ಚಿ ಬಿಡಬೇಕಿತ್ತೇ?

ದಕ್ಷಿಣ ಆಫ್ರಿಕಾದ ಮಾಜಿ ಟೆನಿಸ್ ಆಟಗಾರ ರೇಮಂಡ್ ಮೂರ್ ಅವರು 2016ರ ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್ ಟೂರ್ನಿಯ ಮುಖ್ಯಾಧಿಕಾರಿ ಹುದ್ದೆ ಬಿಟ್ಟದ್ದು ಅನ್ಯಾಯವೆಂದು ಓದುಗರೊಬ್ಬರು ಬರೆದಿದ್ದಾರೆ. "ದಶಕಗಳ ದುಡಿಮೆ ಒಂದು ಬಾಯಿಮಾತಿಗೆ ತೂಗಿತೇ? ಜನ ಬರುವುದು ಪುರುಷರ ಆಟಕ್ಕೆ ಎನ್ನುವುದು ಸುಳ್ಳೇ?" ಎಂಬುದು ಅವರ ಪ್ರಶ್ನೆ.

ದುಡಿಮೆಯ ಮಾತನ್ನು ಒಪ್ಪುತ್ತೇನೆ. ಇನ್ನೊಬ್ಬ ಹಳೆಯ ಆಟಗಾರ ಚಾರ್ಲಿ ಪಸರೆಲ್ ಜೊತೆಗೂಡಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಅವರು ಬೆಳೆಸಿದ ಟೂರ್ನಿ ಸಣ್ಣದಲ್ಲ. ಆದರೆ ತಾವು ಆ ಬಾಯಿಮಾತನ್ನೇ ಬರೆಯದೆ ಬಿಟ್ಟಿದ್ದೀರಿ. ತಮ್ಮಂಥ ಎಚ್ಚರದ ಓದುಗರಿಗೆ ಇದು ತಕ್ಕದ್ದಲ್ಲ. ಮಹಿಳಾ ಆಟಗಾರ್ತಿಯರು ಪುರುಷರ ಬೆನ್ನೇರಿ ಸಾಗುತ್ತಿದ್ದಾರೆ, ಫೆಡರರ್ ಮತ್ತು ನಡಾಲ್ ಹುಟ್ಟಿದ್ದಕ್ಕಾಗಿ ಅವರು ದಿನವೂ ರಾತ್ರಿ ಮಂಡಿಯೂರಿ ದೇವರಿಗೆ ಕೃತಜ್ಞತೆ ಹೇಳಬೇಕು ಎಂಬರ್ಥದ ಮಾತನ್ನು ಮೂರ್ ಆಡಿದ್ದು ಪತ್ರಕರ್ತರೆದುರು. ಅದೂ ಸೆರೆನಾ ವಿಲಿಯಮ್ಸ್ ಮತ್ತು ವಿಕ್ಟೋರಿಯಾ ಅಜರೆಂಕಾ ಫೈನಲ್ ಆಡಬೇಕಿದ್ದ ದಿನ. ಅಂದೇ ಕ್ಷಮೆ ಕೇಳಿದರು, ಮರುದಿನ ರಾಜೀನಾಮೆ ಕೊಟ್ಟರು.

ಜನ ಯಾರಿಗಾಗಿ ಬರುತ್ತಾರೆ ಎನ್ನುವಿರಾ? 2015ರ ಅಮೆರಿಕನ್ ಓಪನ್‌ನಲ್ಲಿ ಮಹಿಳೆಯರ ಫೈನಲ್‌ನ ಟಿಕೆಟ್‌ಗಳು ಪುರುಷರದ್ದಕ್ಕಿಂತ ಮೊದಲೇ ಮುಗಿದಿದ್ದುದನ್ನು ಮೂರ್ ಆ ಮಾತಾಡಿದ ದಿನವೇ ಸೆರೆನಾ ನೆನಪಿಸಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇದೇ ಇಂಡಿಯನ್ ವೆಲ್ಸ್‌ನ ಹಳೆಯ ಕತೆ. 2001ರ ಫೈನಲ್‌ನಲ್ಲಿ ಪ್ರೇಕ್ಷಕರು ಸೆರೆನಾ ಅವರನ್ನು ಹೀಗಳೆದು ಕೂಗಿದ ಮೇಲೆ ಅವರು ಅತ್ತ ಸುಳಿಯಲಿಲ್ಲ. ಕೊನೆಗೆ 2015ರಲ್ಲಿ ಮರಳಿದಾಗ ಅದು ಟೆನಿಸ್ ಲೋಕದ ದೊಡ್ಡ ಸುದ್ದಿಯಾಯಿತು. ಅಂಥ ಆಟಗಾರ್ತಿ ಬಂದು ಒಂದು ವರ್ಷವಾಗುವಷ್ಟರಲ್ಲಿ ಅದೇ ಅಂಗಳದ ಯಜಮಾನರು ಆಕೆಯ ಆಟವನ್ನು ಬಿಟ್ಟಿ ಸವಾರಿ ಎಂದರೆ, ಅದನ್ನು ನಾಲಗೆ ತಪ್ಪಿದ್ದು ಎನ್ನಲು ನನಗೆ ಮನಸ್ಸಾಗದು. ಮಹಿಳೆಯರ ಆಟಕ್ಕೂ ಸಮಾನ ಬೆಲೆಯಿದೆ ಎಂಬ ಮಾತೇನೂ ಹೊಸದಲ್ಲ. 1973ರಲ್ಲೇ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್ ಅವರ ಹೋರಾಟದಿಂದ ಅಮೆರಿಕನ್ ಓಪನ್ ಪುರುಷರಿಗೂ ಮಹಿಳೆಯರಿಗೂ ಸಮಾನ ಬಹುಮಾನ ಕೊಡಲು ಒಪ್ಪಿತ್ತು. ವಿಂಬಲ್ಡನ್ ಮಾತ್ರ 2007ರವರೆಗೆ ಕಾಯಿಸಿತು.

ಆಡಿದವನಿಗೆ ಆಡಿಸುವುದೂ ತಾನಾಗಿ ಬರುತ್ತದೆಂದು ಎಲ್ಲ ಕ್ರೀಡೆಗಳಲ್ಲೂ ನಂಬಿಕೊಂಡು ಬಂದಿದ್ದೇವೆ. ರಾಕೆಟ್ ಹಿಡಿದಾಗ ಎದುರಾಳಿಯನ್ನು ಕಡೆಗಣಿಸಿದರೆ ಸೋಲುವುದು ತಾನೊಬ್ಬನೇ. ಆದರೆ ಅಧಿಕಾರದ ಕುರ್ಚಿಯಲ್ಲಿ ಕುಳಿತವನು ಕಡೆಗಣಿಸುವುದು ತಾನು ಕಾಯಬೇಕಾದ ಅರ್ಧದಷ್ಟು ಆಟಗಾರರನ್ನು. ಅಂದಹಾಗೆ, ಮೂರ್ ಹೋದ ಕೆಲವೇ ತಿಂಗಳಲ್ಲಿ ಟೂರ್ನಿಯ ನಿರ್ದೇಶಕರಾಗಿ ನೇಮಕಗೊಂಡವರು ಟಾಮಿ ಹಾಸ್, ಮತ್ತೊಬ್ಬ ಆಟಗಾರರೇ.