ಡಾಲಿವುಡ್‌ನ ಏರುದಾರಿಗೆ ಅಮ್ಮನಿಗೆ ಎಂಥ ಸ್ಕೂಟರ್ ತಗೊಳ್ಳಬೇಕು?

ಮಂಡಿ ನೋವಿರುವ ಅಮ್ಮ ಊರಿಂದ ಬರ್ತಿದ್ದಾರೆ, ಅಮೆರಿಕದ ಟೆನೆಸ್ಸಿಯಲ್ಲಿರುವ ಡಾಲಿವುಡ್ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಬೇಕು, ಮಡಚಿ ಕಾರಿನ ಡಿಕ್ಕಿಯಲ್ಲಿ ಹಾಕುವಂಥ ಹಗುರ ಮೊಬಿಲಿಟಿ ಸ್ಕೂಟರ್ (ನಡೆಯೋಕೆ ಕಷ್ಟ ಇರುವವರು ಕೂತು ಓಡಾಡುವ ಬ್ಯಾಟರಿ ಗಾಡಿ) ಸಾಕಾ ಅಂತ ಕೇಳಿದ್ದೀರಿ. ಮಾಲ್‌ಗೆ ಸಾಕು. ಅಲ್ಲಿಗೆ ಸಾಲದು. ನಾನು ನಮ್ಮಪ್ಪನಿಗೆ ಅಂಥದ್ದನ್ನೇ ತಗೊಂಡು ಹೋಗಿ ಪಾಡು ಪಟ್ಟಿದ್ದೇನೆ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಡಾಲಿವುಡ್ ಇರುವುದು ಪಿಜನ್ ಫೋರ್ಜ್‌ನಲ್ಲಿ, ಸ್ಮೋಕಿ ಬೆಟ್ಟಗಳ ತಪ್ಪಲಲ್ಲಿ. ಸಮತಟ್ಟು ಮಾಡಿ ಕಟ್ಟಿದ ಜಾಗ ಅಲ್ಲ, ಬೆಟ್ಟ ಹೇಗಿದೆಯೋ ದಾರಿಯೂ ಹಾಗೇ ಇದೆ. ಪಾರ್ಕಿನೊಳಗೆ ಕ್ರಾಫ್ಟ್ಸ್‌ಮನ್ಸ್ ವ್ಯಾಲಿ ಅನ್ನುವ ಭಾಗದ ಕಡೆ ಏರು ಜಾಸ್ತಿ. ದಾಲ್ಚಿನ್ನಿ ಬ್ರೆಡ್ ಮಾಡುವ ಹಿಟ್ಟಿನ ಗಿರಣಿ, ಹದ್ದುಗಳನ್ನು ಸಾಕಿರುವ ಜಾಗ ಎಲ್ಲ ಆ ಕಡೆಗೇ ಇವೆ, ಹಾಗಾಗಿ ಆ ದಾರಿ ಬಿಡೋಣ ಅನ್ನೋಕೂ ಆಗಲ್ಲ.

ನಾವು ಹೊರಗಿನ ಒಂದು ಅಂಗಡಿಯಿಂದ ಮೂರು ಚಕ್ರದ ಪುಟ್ಟ ಸ್ಕೂಟರ್ ಬಾಡಿಗೆಗೆ ತಂದಿದ್ದೆವು. ಒಂದು ಚಾರ್ಜಿಗೆ ಇಷ್ಟು ಮೈಲಿ ಓಡುತ್ತೆ ಅಂತ ದೊಡ್ಡದಾಗಿ ಬರೆದಿತ್ತು. ಆ ಲೆಕ್ಕ ಸಮತಟ್ಟು ನೆಲದ್ದು. ಆರು ಡಿಗ್ರಿ ಏರಿನಲ್ಲಿ ಮೋಟಾರಿಗೆ ಬೇಕಾಗುವ ಶಕ್ತಿ ಸಮತಟ್ಟಿಗಿಂತ ಹಲವು ಪಟ್ಟು ಜಾಸ್ತಿ. ಏರು ಶುರುವಾದ ಕೂಡಲೇ ಬ್ಯಾಟರಿ ಮುಳ್ಳು ಕೆಂಪಿಗೆ ಬೀಳೋದು, ಮಟ್ಟಸವಾದ ಜಾಗ ಬಂದರೆ ಮತ್ತೆ ಮೇಲಕ್ಕೇಳೋದು. ನಾನು ಮುಳ್ಳನ್ನೇ ನೋಡ್ಕೊಂಡು ಪಕ್ಕದಲ್ಲಿ ನಡೀತಿದ್ದೆ. ಏರಿನ ಅರ್ಧದಲ್ಲಿ ಟಕ್ ಅಂತ ಸದ್ದಾಗಿ ಗಾಡಿ ನಿಂತೇಬಿಟ್ಟಿತು. ಬ್ಯಾಟರಿ ಖಾಲಿಯಾಗಿರಲಿಲ್ಲ, ಭಾರ ಜಾಸ್ತಿಯಾಗಿ ಒಳಗಿನ ಸರ್ಕಿಟ್ ಬ್ರೇಕರ್ ಮೋಟಾರಿನ ಕರೆಂಟ್ ಕಡಿದುಬಿಟ್ಟಿತ್ತು.

ಆಗ ನಾನು ಮಾಡಹೊರಟ ತಪ್ಪನ್ನು ನೀವು ಮಾಡಬೇಡಿ. ಈ ಗಾಡಿಗಳ ಹಿಂದೆ ಒಂದು ಸಣ್ಣ ಲಿವರ್ ಇರುತ್ತೆ, ಅದನ್ನು ಸರಿಸಿದರೆ ಮೋಟಾರು ಚಕ್ರದಿಂದ ಬಿಟ್ಟುಕೊಂಡು ಗಾಡಿಯನ್ನು ಕೈಯಲ್ಲಿ ತಳ್ಳಬಹುದು. ತಳ್ಳಿಬಿಡೋಣ ಅಂತ ಬಗ್ಗಿದೆ. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬರು, ಅವರೂ ಸ್ಕೂಟರ್‌ನಲ್ಲೇ ಇದ್ದರು, ಜೋರಾಗಿ ಕೂಗಿ ತಡೆದರು. ಆ ಲಿವರ್ ಸರಿಸಿದರೆ ಬ್ರೇಕೂ ಹೋಗುತ್ತೆ. ಅಪ್ಪ ಸೀಟಿನಲ್ಲಿ ಕೂತಿದ್ದಂತೆಯೇ ಗಾಡಿ ಹಿಂದಕ್ಕೆ ಜಾರಿಬಿಡುತ್ತಿತ್ತು. ಈಗಲೂ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತೆ. ಅಪ್ಪನನ್ನು ಇಳಿಸಿ, ಮೋಟಾರು ತಣ್ಣಗಾಗುವವರೆಗೆ ಕಾದು, ಬ್ರೇಕರ್ ಗುಂಡಿ ಒತ್ತಿದ ಮೇಲೆ ಹೊರಟಿತು.

ಹಾಗಾಗಿ ಮೊದಲು ಕೇಳಬೇಕಾದ್ದು ಎಷ್ಟು ಡಿಗ್ರಿ ಏರು ಹತ್ತುತ್ತೆ ಅಂತ. ಅಂದಾಜಿಗೆ ಹೇಳ್ತೀನಿ: ಇಲ್ಲಿನ ಕಟ್ಟಡಗಳ ವೀಲ್‌ಚೇರ್ ರಾಂಪ್ 12 ಅಡಿಗೆ ಒಂದು ಅಡಿ ಏರುತ್ತೆ, ಅಂದರೆ ಐದು ಡಿಗ್ರಿಗೂ ಸ್ವಲ್ಪ ಕಮ್ಮಿ. ಹಗುರ ಸ್ಕೂಟರ್‌ಗಳ ಮಿತಿ ಸಾಮಾನ್ಯವಾಗಿ ಆರು ಡಿಗ್ರಿ ಆಸುಪಾಸು, ಅದಕ್ಕಿಂತ ಜಾಸ್ತಿ ಇರುವುದನ್ನೇ ಹುಡುಕಿ. ಡಿಗ್ರಿಯೋ ಶೇಕಡಾವೋ ಅಂತಲೂ ವಿಚಾರಿಸಿ, ಯಾಕಂದ್ರೆ ಆರು ಡಿಗ್ರಿ ಅಂದ್ರೆ ಶೇಕಡಾ 10ಕ್ಕೂ ಮೇಲೆ. ಬ್ಯಾಟರಿಯಲ್ಲಿ 12 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನುವ ಅಳತೆ), 18 ಆಂಪಿಯರ್-ಅವರ್ ಎರಡೂ ಇದ್ದರೆ ಕಣ್ಮುಚ್ಚಿಕೊಂಡು 18ರದ್ದೇ ತಗೊಳ್ಳಿ. ಭಾರದ ಮಿತಿಗೆ ಅಮ್ಮನ ತೂಕದ ಜೊತೆ ನೀರಿನ ಬಾಟಲಿ, ಬ್ಯಾಗನ್ನೂ ಸೇರಿಸಿ, ಆದರೆ ಮೊಮ್ಮಗುವನ್ನು ದಯವಿಟ್ಟು ಮಡಿಲಲ್ಲಿ ಕೂರಿಸಲೇಬೇಡಿ.

ನಾಲ್ಕು ಚಕ್ರದ್ದೇ ಇರಲಿ. ಮೂರು ಚಕ್ರದ್ದು ಸಂದಿಗೊಂದಿಯಲ್ಲಿ ಚೆನ್ನಾಗಿ ತಿರುಗುತ್ತೆ ನಿಜ, ಆದರೆ ದಾರಿ ಒಂದು ಪಕ್ಕಕ್ಕೆ ವಾಲಿದ್ದ ಕಡೆ ಅಪ್ಪನ ಜೊತೆ ಗಾಡಿಯೂ ವಾಲುತ್ತಿತ್ತು. ಏರನ್ನು ನೇರವಾಗಿ ಹತ್ತಬೇಕು, ಓರೆಯಾಗಿ ಅಲ್ಲ, ಮೈ ಸ್ವಲ್ಪ ಮುಂದಕ್ಕೆ ಬಾಗಿರಲಿ.

ಹತ್ತುವುದಕ್ಕಿಂತ ಇಳಿಯುವುದಕ್ಕೇ ಅಭ್ಯಾಸ ಜಾಸ್ತಿ ಬೇಕು. ನಮ್ಮಪ್ಪ ಮೂವತ್ತು ವರ್ಷ ಹಾಸನದಲ್ಲಿ ಬಜಾಜ್ ಚೇತಕ್ ಓಡಿಸಿದವರು. ಇಳಿಜಾರು ಬಂದ ಕೂಡಲೇ ಅವರ ಬಲಗಾಲು ಬ್ರೇಕ್ ಹುಡುಕುತ್ತಿತ್ತು, ಎಡಗೈ ಕ್ಲಚ್ ಹಿಡಿಯುತ್ತಿತ್ತು. ಈ ಗಾಡಿಯಲ್ಲಿ ಕಾಲಿಗೆ ಬ್ರೇಕಿಲ್ಲ, ಬಲಗೈ ಲಿವರ್ ಒತ್ತಿದರೆ ಮುಂದಕ್ಕೆ, ಎಡಗೈ ಲಿವರ್ ಒತ್ತಿದರೆ ರಿವರ್ಸ್! ಒತ್ತಿದ್ದನ್ನು ಬಿಟ್ಟುಬಿಡಬೇಕು, ಆಗ ತಾನೇ ನಿಲ್ಲುತ್ತೆ. ಗಾಬರಿಯಾದಾಗ ಕೈ ಬಿಗಿಯಾಗುತ್ತೆ ಹೊರತು ಬಿಡೋಕೆ ಬರಲ್ಲ, ಅಲ್ವಾ? ಅದಕ್ಕೆ ಇಳಿಯುವ ಮೊದಲೇ, ಆಮೆ ಮತ್ತು ಮೊಲದ ಚಿತ್ರ ಇರುವ ವೇಗದ ಗುಂಡಿಯನ್ನು ಆಮೆ ಕಡೆ ತಿರುಗಿಸಿಡಿ.

ಪಾರ್ಕಿನಲ್ಲೇ ಸ್ಕೂಟರ್ ಬಾಡಿಗೆಗೆ ಸಿಗುತ್ತೆ, ಮೊದಲು ಹೋದವರಿಗೆ ಮೊದಲು. ಬಾಗಿಲು ತೆರೆಯುವ ಹೊತ್ತಿಗೇ ಹೋಗಬಲ್ಲಿರಾದರೆ ಅದೇ ವಾಸಿ ಅನ್ನುತ್ತೇನೆ, ಕಾರಿಗೆ ಎತ್ತಿ ಹಾಕುವ ಗೋಳೂ ಇರಲ್ಲ. ಹೊರಗಿಂದ ತಂದರೆ ಹಿಂದಿನ ಸಂಜೆಯೇ ತನ್ನಿ. ಹೋಟೆಲಿನ ಹತ್ತಿರ ಸಣ್ಣ ಇಳಿಜಾರು ನೋಡಿ, ಪಕ್ಕದಲ್ಲೇ ನಿಂತು, ಅಮ್ಮನ ಕೈಲಿ ನಾಲ್ಕೈದು ಸಲ ಹತ್ತಿಸಿ ಇಳಿಸಿ, "ಅಮ್ಮ, ಈಗ ಬಿಡಿ" ಅಂದ ತಕ್ಷಣ ಬೆರಳು ಬಿಡುವಷ್ಟು ರೂಢಿ ಮಾಡಿಸಿ. ಆಮೇಲೆ ರಾತ್ರಿ ಪೂರ್ತಿ ಚಾರ್ಜಿಗೆ ಹಾಕಿ.